ನನ್ನ ಮಗಳ ಹೆಸರಿನ ಕೆಳಗಿರುವ ಆರುನೂರ ಹನ್ನೆರಡನ್ನು ಅಳಿಸಿ

ಮಾನ್ಯ ನಿರ್ದೇಶಕರೇ,

ನಿಮ್ಮ ವೈದ್ಯಕೀಯ ಸಂಸ್ಥೆಯ ಮೊದಲ ಮಹಡಿಯ ಗೋಡೆಗೆ ಹಾಕಿಸಿರುವ ಗೌರವ ಫಲಕದ ಪರದೆ ಸರಿಸಲು ನಾನು ಮುಖ್ಯ ಅತಿಥಿಯಾಗಿ ಬರಬೇಕೆಂದು ನೀವು ಕಳಿಸಿದ ದಪ್ಪ ಕಾಗದದ ಆಹ್ವಾನ ಕೈಸೇರಿತು. ನಾನು ಬರುವುದಿಲ್ಲ. ಆ ಫಲಕದಲ್ಲಿ ತೀರಿಹೋದ ನನ್ನ ಮಗಳ ಹೆಸರಿನ ಕೆಳಗೆ ನೀವು ಕೆತ್ತಿಸಿರುವುದು ಸುಳ್ಳು. ಸುಳ್ಳೆಂದು ನಿಮಗೂ ಗೊತ್ತು, ನನಗೂ ಗೊತ್ತು. ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಿತ್ತು. ಅದನ್ನು ಜಗತ್ತಿಗೆಲ್ಲ ತಾನೇ ಹೇಳಿಕೊಂಡು, ಹೇಳಿಕೊಂಡಿದ್ದಕ್ಕೆ ನಿಮ್ಮಿಂದ ಏಟು ತಿಂದು ಹೋದಳು. ಈ ಮಾತನ್ನು ಮೂರು ಸಲ ಬರೆದು ನಿಮ್ಮ ಕಚೇರಿಗೆ ಕೊಟ್ಟೆ. ಮೂರು ಸಲವೂ ಟಪಾಲಿನ ಗುಮಾಸ್ತರು 'ಸ್ವೀಕರಿಸಲಾಗಿದೆ' ಎಂದು ಮುದ್ರೆ ಒತ್ತಿ ಒಳಗಿಟ್ಟುಕೊಂಡರು. ಮುದ್ರೆ ಒತ್ತುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಓದುವವರು ಓದಲಿ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಈ ಮುದುಕನಿಗೆ ಸಂಶೋಧನೆಯ ಗಂಧಗಾಳಿ ಇದೆಯೇ ಎಂದು ನಿಮ್ಮ ಆಪ್ತ ಸಹಾಯಕರು ಹುಬ್ಬು ಏರಿಸುವ ಶ್ರಮ ತಪ್ಪಲಿ. ಇಲ್ಲ. ಐದನೇ ತರಗತಿಯ ನಡುವೆ ಶಾಲೆ ಬಿಟ್ಟವನು ನಾನು. ಐವತ್ತೆರಡು ವರ್ಷ ತಕ್ಕಡಿ ರಿಪೇರಿ ಮಾಡಿದ್ದೇನೆ. ಅಕ್ಕಸಾಲಿಗರ ಅಂಗೈಯಗಲದ ತಕ್ಕಡಿ, ಗೋದಾಮಿನಲ್ಲಿ ಮೂಟೆ ತೂಗುವ ಯಂತ್ರ, ಎಲ್ಲವೂ ನನ್ನ ಕೈಯಲ್ಲಿ ಬಿಚ್ಚಿಕೊಂಡಿವೆ. ನಿಮ್ಮ ಮಕ್ಕಳ ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ತಕ್ಕಡಿಗಳನ್ನೂ ಇಪ್ಪತ್ತು ವರ್ಷ ನಾನೇ ನೋಡಿಕೊಂಡೆ. ನನ್ನ ಬಾಯಿ ಒರಟು, ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಆ ಸಿಟ್ಟು ಈ ಕಥೆಯೊಳಗೂ ಬರುತ್ತದೆ, ನನಗೆ ಮಾನ ತರುವ ಹಾಗೇನೂ ಬರುವುದಿಲ್ಲ.

ನನ್ನ ಮಗಳು ಓದಿದಳು. ಓದಿ ನಿಮ್ಮಲ್ಲೇ ಮಕ್ಕಳ ಡಾಕ್ಟರಾದಳು, ಸಂಶೋಧನೆಗೂ ಇಳಿದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳೆಂದರೆ ಅವಳಿಗೆ ಪ್ರಾಣ. ಬೆಳಿಗ್ಗೆ ವಾರ್ಡಿಗೆ ಕಾಲಿಟ್ಟರೆ ನಮಸ್ಕಾರದ ಬದಲು "ಎಷ್ಟು ಗ್ರಾಂ?" ಎಂದೇ ಕೇಳುತ್ತಿದ್ದಳಂತೆ. ಅದಕ್ಕೆ ಅಲ್ಲಿನವರು ಅವಳಿಗೆ ಇಟ್ಟ ಹೆಸರು 'ಗ್ರಾಂ ಡಾಕ್ಟ್ರು'. ಹನ್ನೊಂದು ವರ್ಷದ ಹಿಂದೆ ಅವಳೊಂದು ಪೇಪರ್ ಬರೆದಳು. ಒಂದು ಬಗೆಯ ಹನಿ ಔಷಧಿಯನ್ನು ದಿನಾ ಬಾಯಿಗೆ ಬಿಟ್ಟರೆ ಆ ಪುಟ್ಟ ಕೂಸುಗಳು ಬೇಗ ಮೈ ತುಂಬಿಕೊಳ್ಳುತ್ತವೆ ಎಂಬುದು ಅದರ ಸಾರಾಂಶ. ಹನಿ ಕುಡಿದ ಕೂಸುಗಳು ಹದಿನಾಲ್ಕನೇ ದಿನಕ್ಕೆ ಕುಡಿಯದವುಗಳಿಗಿಂತ ಸರಾಸರಿ ಐವತ್ತನಾಲ್ಕು ಗ್ರಾಂ ಹೆಚ್ಚು ತೂಗಿದ್ದವು. ಒಂದು ಕಿಲೋ ಚಿಲ್ಲರೆ ಇರುವ ಕೂಸಿಗೆ ಐವತ್ತನಾಲ್ಕು ಗ್ರಾಂ ಎಂದರೆ ಎಷ್ಟೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಪೇಪರ್ ಹೊರದೇಶದ ದೊಡ್ಡ ಜರ್ನಲ್ಲಿನಲ್ಲಿ ಬಂತು. ನೀವು ಕೇಕ್ ಕತ್ತರಿಸಿದಿರಿ. ಮಗಳು ನನಗೊಂದು ತುಂಡು ಕಾಗದದಲ್ಲಿ ಸುತ್ತಿ ತಂದಿದ್ದಳು.

ಆಮೇಲೆ ಶುರುವಾಯಿತು ನೋಡಿ, ನಿಮ್ಮ ಉಲ್ಲೇಖಗಳ ಎಣಿಕೆ. ಉಲ್ಲೇಖವೆಂದರೇನು ಎಂದು ಕೇಳಿದ್ದಕ್ಕೆ ಊಟದ ತಟ್ಟೆಯ ಮುಂದೆ ಕೂತು ವಿವರಿಸಿದಳು.

"ಅಪ್ಪಾ, ನಾನು ಬರ್ದಿದ್ದನ್ನ ಇನ್ನೊಬ್ರು ಅವರ ಪೇಪರಲ್ಲಿ 'ಇಂಥವರು ಹೀಗೆ ಹೇಳಿದಾರೆ' ಅಂತ ಬರೀತಾರಲ್ಲ, ಅದು ಒಂದು ಉಲ್ಲೇಖ."

"ಅಂದ್ರೆ ಅಂತೆಕಂತೆ ಅನ್ನು."

"ಅಂತೆಕಂತೆ ಅಲ್ಲಪ್ಪ! ಓದಿ ಬರೀತಾರೆ."

"ಎಲ್ಲಾರೂ ಓದ್ತಾರಾ?"

ಅವಳು ನಕ್ಕಳು. ಇನ್ನೊಂದು ತುತ್ತು ಕಲಸಿದಳು. ಅವರಮ್ಮ ಮಾತ್ರ ಒಳಗಿನಿಂದ "ಇವರು ಒಬ್ರು ಬೇರೆ, ಮಗು ಊಟ ಮಾಡೋವಾಗಲೂ ಕೋರ್ಟು" ಎಂದು ಗದರಿದಳು.

ನಾಲ್ಕು ವರ್ಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಬೇರೊಂದು ಆಸ್ಪತ್ರೆಯವರು ಅದೇ ಹನಿಯನ್ನು ಕೊಟ್ಟು ನೋಡಿದರು, ತೂಕ ಏರಲಿಲ್ಲ. ಮಗಳ ಮುಖ ಚಿಕ್ಕದಾಯಿತು. ಬೇರೆ ಯಾರಾದರೂ ಆಗಿದ್ದರೆ ಅವರದೇ ತಪ್ಪು ಎಂದು ಬರೆದು ಇನ್ನೊಂದು ಪೇಪರ್ ಮಾಡಿಕೊಳ್ಳುತ್ತಿದ್ದರು. ಇವಳು ನನ್ನ ಹತ್ತಿರ ಬಂದಳು. "ಅಪ್ಪಾ, ನಮ್ಮ ತಕ್ಕಡಿಗಳನ್ನ ಇನ್ನೊಂದ್ಸಲ ನೋಡ್ತೀಯಾ?" ಎಂದಳು. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಹೋದೆ. ಆ ಬಟ್ಟುಗಳನ್ನು ನಾನು ಬರಿಗೈಯಲ್ಲಿ ಮುಟ್ಟುವವನಲ್ಲ, ಕೈಬೆವರಿಗೂ ತೂಕವಿದೆ, ಚಿಮಟದಲ್ಲೇ ಎತ್ತುತ್ತೇನೆ. ತಕ್ಕಡಿಯ ನಾಲ್ಕು ಮೂಲೆಗೂ ನಡುವಿಗೂ ಇಟ್ಟು ನೋಡಿದೆ. ಒಂದು ಗ್ರಾಂ ಆಚೀಚೆ ಇರಲಿಲ್ಲ. ಸರಿ ಇದೆ ಎಂದೆ. ಅವಳು ಅಷ್ಟಕ್ಕೇ ಬಿಡಲಿಲ್ಲ.

"ತಕ್ಕಡಿ ಸರಿ ಇರಬಹುದಪ್ಪ. ಹೇಗೆ ತೂಗ್ತಾರೆ ಅಂತ ಸ್ವಲ್ಪ ಹೊತ್ತು ಇಲ್ಲೇ ನಿಂತು ನೋಡ್ತೀಯಾ? ನಾನು ನಿಂತರೆ ಎಲ್ಲಾರೂ ನೆಟ್ಟಗಾಗ್ಬಿಡ್ತಾರೆ. ನಿನ್ನನ್ನಾದ್ರೆ ಯಾರೂ ಲೆಕ್ಕಕ್ಕಿಡಲ್ಲ."

ನನಗೆ ಉರಿದುಹೋಯಿತು. ಕೊನೆಯ ಮಾತು ಚುಚ್ಚಿತೋ, ನನ್ನ ಕೆಲಸದ ಮೇಲೆ ಅನುಮಾನ ಪಡುತ್ತಿದ್ದಾಳೆ ಅನ್ನಿಸಿತೋ, ಈಗ ಹೇಳಲಾರೆ. "ಐವತ್ತು ವರ್ಷದಿಂದ ಮಾಡ್ತಿದೀನಿ. ಸರಿ ಇದೆ ಅಂದ್ಮೇಲೆ ಸರಿ ಇದೆ. ನಿನ್ನ ಪೇಪರಲ್ಲಿ ಹುಳುಕಿದ್ರೆ ನನ್ನ ತಕ್ಕಡಿ ಮೇಲೆ ಯಾಕೆ ಹಾಕ್ತೀಯಾ?" ಎಂದು ವಾರ್ಡಿನ ನಡುವೆಯೇ ಕೂಗಿದೆ. ನರ್ಸುಗಳೆಲ್ಲ ತಿರುಗಿ ನೋಡಿದರು. ಅವಳು "ಮೆಲ್ಲಗಪ್ಪಾ, ಕೂಸುಗಳು ಮಲಗಿವೆ" ಎಂದಳು. ನಾನು ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ.

ಅಲ್ಲಿಂದ ಎರಡು ವರ್ಷ ಹೋಯಿತು, ನಿರ್ದೇಶಕರೇ. ಆ ಎರಡು ವರ್ಷದ ಪಾಪವನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ, ಅದು ನನ್ನದು. ಎರಡು ವರ್ಷವಾದ ಮೇಲೆ ವಾರ್ಡಿನ ಎರಡನೇ ಕೋಣೆಯ ತಕ್ಕಡಿಯಲ್ಲಿ ಅಂಕಿ ಮಿಣುಕುತ್ತಿದೆ ಎಂದು ನನ್ನನ್ನು ಕರೆಸಿದರು. ತಂತಿಯ ತುದಿ ಸಡಿಲವಾಗಿತ್ತು. ಬಿಗಿ ಮಾಡಿ, ನೆಲದ ಮೇಲೆ ಕೂತು ಸಾಮಾನು ಜೋಡಿಸಿಕೊಳ್ಳುತ್ತಿದ್ದೆ. ಆ ಕೋಣೆಯ ಹಿರಿಯ ನರ್ಸ್ ಒಂದು ಕೂಸನ್ನು ತೂಗಲು ತಂದರು. ಅವರನ್ನು ಎಲ್ಲರೂ 'ದೊಡ್ಡಮ್ಮ' ಎನ್ನುತ್ತಾರೆ. ದೊಡ್ಡಮ್ಮ ತಕ್ಕಡಿಯ ಗುಂಡಿ ಒತ್ತಿದರು, ಸೊನ್ನೆ ಬಂತು. ಆಮೇಲೆ ನಾಲ್ಕು ಮಡಿಕೆಯ ಮೆತ್ತನೆಯ ಬಟ್ಟೆಯೊಂದನ್ನು ತಟ್ಟೆಯ ಮೇಲೆ ಹಾಸಿದರು. ಅದರ ಮೇಲೆ ಕೂಸನ್ನು ಮಲಗಿಸಿ, ಅಂಕಿ ನೋಡಿ ಬರೆದುಕೊಂಡರು.

"ದೊಡ್ಡಮ್ಮ, ಅದೇನು ಬಟ್ಟೆ?"

"ತಟ್ಟೆ ತಣ್ಣಗೆ ಕೊರೆಯುತ್ತಲ್ಲ ಅಣ್ಣಾ. ಇಷ್ಟುದ್ದ ಜೀವ, ಬೆಚ್ಚಿಬೀಳುತ್ತೆ. ಎತ್ತಿ ಇಟ್ಟ ತಕ್ಷಣ ಕೈಕಾಲು ಹೀಗೆ ಬಿಚ್ಕೊಂಡು ಅಳುತ್ತೆ. ನನಗೆ ನೋಡಕ್ಕಾಗಲ್ಲ."

"ಎಷ್ಟು ವರ್ಷದಿಂದ ಹಾಸ್ತಿದೀರಿ?"

"ಮೊದಲಿಂದಾನೂ. ಡಾಕ್ಟ್ರು ಬಂದಾಗ ಮಾತ್ರ ತೆಗೆದಿಡ್ತೀನಿ. ಬಟ್ಟೆಯಿಂದ ಸೋಂಕು ಅಂತ ಬೈತಾರಲ್ಲ."

"ಒಂದನೇ ಕೋಣೇಲೂ ಹಾಸ್ತಾರಾ?"

"ಅವರಿಗೆಲ್ಲಿ ಅಷ್ಟು ವ್ಯವಧಾನ!"

ಬಟ್ಟೆಯನ್ನು ಕೇಳಿ ಈಸಿಕೊಂಡು ತೂಗಿದೆ. ಐವತ್ತೊಂದು ಗ್ರಾಂ. ಹನಿ ಕುಡಿದ ಕೂಸುಗಳನ್ನೆಲ್ಲ ಮಗಳು ಎರಡನೇ ಕೋಣೆಯಲ್ಲೇ ಇರಿಸಿದ್ದಳು, ಹೊಸ ಔಷಧಿಯಾದ್ದರಿಂದ ದೊಡ್ಡಮ್ಮನ ಕಣ್ಣಡಿಯಲ್ಲಿ ಇರಲಿ ಎಂದು. ಹನಿ ಕುಡಿಯದವು ಒಂದನೇ ಕೋಣೆಯಲ್ಲಿದ್ದವು. ಐದನೇ ತರಗತಿಗೆ ನಿಂತವನಿಗೂ ಉಳಿದ ಲೆಕ್ಕ ಬರುತ್ತದೆ. ಕೂಸುಗಳು ಹೆಚ್ಚಿಗೆ ಬೆಳೆದೇ ಇರಲಿಲ್ಲ. ಒಬ್ಬ ಹೆಂಗಸಿನ ಕನಿಕರವನ್ನು ತಕ್ಕಡಿ ತೂಗಿ ತೋರಿಸಿತ್ತು, ಅಷ್ಟೆ.

ಮಗಳ ಕೋಣೆಗೆ ಹೋಗಿ ಬಟ್ಟೆಯನ್ನು ಮೇಜಿನ ಮೇಲಿಟ್ಟು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಬಟ್ಟೆಯ ಮಡಿಕೆ ಬಿಚ್ಚಿದಳು, ಮತ್ತೆ ಮಡಿಸಿದಳು. "ಎರಡೂ ಥರದ ಕೂಸುಗಳನ್ನ ಬೆರೆಸಿ ಇಡಬೇಕಿತ್ತಪ್ಪ. ಅದು ನನ್ನ ತಪ್ಪು" ಎಂದಳು. ಆಮೇಲೆ ಎದ್ದು ದೊಡ್ಡಮ್ಮನ ಹತ್ತಿರ ಹೋದಳು. ವಿಷಯ ತಿಳಿದು ಅವರು ಸೆರಗು ಬಾಯಿಗಿಟ್ಟು ಅಳುತ್ತ, "ಇನ್ನು ಮುಟ್ಟಲ್ಲ ತಾಯಿ, ಆ ಬಟ್ಟೆ ಸುಟ್ಟು ಹಾಕ್ತೀನಿ" ಎಂದರು. ನನ್ನ ಮಗಳು ಹೇಳಿದ್ದು ಇಷ್ಟೇ: "ಹಾಸೋದು ನಿಲ್ಲಿಸ್ಬೇಡಿ ದೊಡ್ಡಮ್ಮ. ಒಗೆದ ಬಟ್ಟೆ ಹಾಸಿ. ಹಾಸಿದ ಮೇಲೆ ಈ ಗುಂಡಿ ಒತ್ತಿ."

ಆಗ ಅವಳು ನಿಮ್ಮ ಕೋಣೆಗೆ ಬಂದಳು. ನೆನಪಿದೆಯೇ? ಪೇಪರನ್ನು ವಾಪಸು ಪಡೆಯುತ್ತೇನೆ ಎಂದಳು. ಆ ಹೊತ್ತಿಗೆ ಅದಕ್ಕೆ ನಾನೂರ ಮೂವತ್ತೊಂಬತ್ತು ಉಲ್ಲೇಖ ಬಂದಿದ್ದವು. ನಿಮ್ಮ ಸಂಸ್ಥೆಯ ಬೇರಾವ ಪೇಪರಿಗೂ ಅಷ್ಟಿರಲಿಲ್ಲ. "ಯಾರೂ ಕೇಳದೇ ಇರುವಾಗ ನಾವಾಗಿ ಯಾಕೆ ಹೇಳ್ಬೇಕು?" ಎಂದಿರಂತೆ. ಅವಳು ಹೇಳಿದ ಕಾರಣ ನಿಮ್ಮ ಕಿವಿಗೆ ಬಿತ್ತೋ ಇಲ್ಲವೋ, ಇಲ್ಲಿ ಬರೆಯುತ್ತೇನೆ. ಆ ಹನಿ ಕುಡಿದ ಕೆಲವು ಕೂಸುಗಳಿಗೆ ಹೊಟ್ಟೆ ಉಬ್ಬರಿಸುತ್ತಿತ್ತು. ತೂಕ ಏರುತ್ತದಲ್ಲ, ಅಷ್ಟು ಕಷ್ಟ ಸಹಿಸಲಿ ಎಂದು ಎಲ್ಲ ಕಡೆ ಕೊಡುತ್ತಿದ್ದರು. ತೂಕವೇ ಏರದಿದ್ದರೆ ಆ ನೋವು ಯಾರ ಸುಖಕ್ಕೆ? ಮಾತು ಬಾರದ ಜೀವ ಹೊಟ್ಟೆ ಹಿಡಿದುಕೊಂಡು ಅಳುವುದು ನಿಮ್ಮ ಎಣಿಕೆಯ ಯಾವ ಕಾಲಂನಲ್ಲಿ ಬರುತ್ತದೆ?

ನೀವು ಬೇಡವೆಂದರೂ ಅವಳು ಜರ್ನಲ್ಲಿಗೆ ಬರೆದಳು. ಎರಡು ಪುಟದ ಬರಹ. ದೊಡ್ಡಮ್ಮನ ಸುದ್ದಿಯೇ ಇಲ್ಲ ಅದರಲ್ಲಿ, ತಪ್ಪೆಲ್ಲ ತನ್ನದೇ ಎಂದು ಬರೆದಿದ್ದಾಳೆ. ಜರ್ನಲ್ಲಿನವರು ಪೇಪರ್ ಹಿಂತೆಗೆದುಕೊಂಡು ಅದರ ಪ್ರತಿಪುಟದ ಮೇಲೂ ಅಡ್ಡಕ್ಕೆ 'ಹಿಂತೆಗೆಯಲಾಗಿದೆ' ಎಂದು ಕೆಂಪಕ್ಷರ ಹಾಕಿದರು. ಮರುವರ್ಷ ಅವಳ ಬಡ್ತಿಯ ಸಂದರ್ಶನ. ಹನ್ನೊಂದು ನಿಮಿಷ ನಡೆಯಿತಂತೆ. ನಿಮ್ಮ ಸಮಿತಿಯವರೊಬ್ಬರು, "ಆ ಪೇಪರ್ ತೆಗೆದ್ರೆ ನಿಮ್ಮ ಒಟ್ಟು ಉಲ್ಲೇಖ ಮೂವತ್ತೆಂಟು. ಬೇರೆ ಏನಿದೆ ನಿಮ್ಮ ಹತ್ರ?" ಎಂದು ಕೇಳಿದರಂತೆ. ಇವಳು "ಅದನ್ನ ತೆಗೆದಿದೀನಲ್ಲ ಸರ್, ಅದೇ ಇದೆ" ಎಂದಳಂತೆ. ಸಮಿತಿಯವರು ನಕ್ಕರಂತೆ. ಮನೆಗೆ ಬಂದು ನಮ್ಮ ಮುಂದೆಯೂ ನಗುತ್ತಲೇ ಹೇಳಿದಳು. ಆಮೇಲೆ ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಅವರಮ್ಮ ಬಾಗಿಲ ಹೊರಗೆ ನಿಂತೇ ಇದ್ದಳು.

ಇಷ್ಟಾದರೂ ನಾನು ಸುಮ್ಮನಿದ್ದೆ. ದೊಡ್ಡವರು, ಏನೋ ನಿಯಮವಿರಬೇಕು, ಹಿಂತೆಗೆದ ಪೇಪರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೇನೋ ಎಂದುಕೊಂಡೆ. ಆದರೆ ಅದೇ ವರ್ಷದ ನಿಮ್ಮ ವಾರ್ಷಿಕ ವರದಿಯನ್ನು ಮಗಳ ಶಿಷ್ಯೆಯೊಬ್ಬಳು ನನಗೆ ಓದಿ ಹೇಳಿದಳು. ಸಂಸ್ಥೆಯ ಒಟ್ಟು ಉಲ್ಲೇಖಗಳ ಮೊತ್ತದಲ್ಲಿ ಆ ಪೇಪರಿನವೂ ಸೇರಿದ್ದವು! ಅವಳ ಬಡ್ತಿಗೆ ಅದು ಸೊನ್ನೆ, ನಿಮ್ಮ ರ್‍ಯಾಂಕಿಗೆ ಮಾತ್ರ ಅದು ಪೂರ್ತಿ. ನಿರ್ದೇಶಕರೇ, ನನ್ನ ಕಸುಬಿನಲ್ಲಿ ಇಂಥವರನ್ನು ನೋಡಿದ್ದೇನೆ. ಕೊಳ್ಳುವಾಗ ಒಂದು ಬಟ್ಟು, ಮಾರುವಾಗ ಇನ್ನೊಂದು ಬಟ್ಟು ಇಟ್ಟುಕೊಳ್ಳುವ ವ್ಯಾಪಾರಿಗಳು. ಅಂಥವರ ತಕ್ಕಡಿಯನ್ನು ನಾನು ರಿಪೇರಿಗೆ ಮುಟ್ಟುತ್ತಿರಲಿಲ್ಲ. ಅವರಾದರೂ ಅಳತೆಯ ಇನ್‌ಸ್ಪೆಕ್ಟರ್ ಬಂದರೆ ಬಟ್ಟು ಬಚ್ಚಿಡುತ್ತಿದ್ದರು. ನೀವು ವರದಿಯ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದೀರಿ.

ಅದಕ್ಕಿಂತ ಅವಳನ್ನು ತಿಂದದ್ದು ಬೇರೆ. ವಾಪಸು ಪಡೆದ ಮೇಲೂ ಎಣಿಕೆ ನಿಲ್ಲಲಿಲ್ಲ. ಕೆಂಪಕ್ಷರ ಹಾಕಿದ ಮೇಲೂ ನೂರ ಎಪ್ಪತ್ತಮೂರು ಪೇಪರುಗಳು "ಹನಿಯಿಂದ ತೂಕ ಏರುತ್ತದೆ, ಇಂಥವರು ತೋರಿಸಿದ್ದಾರೆ" ಎಂದು ಅವಳ ಹೆಸರು ಹಾಕಿ ಬರೆದವು. ಯಾರೂ ಆ ಪುಟ ತೆರೆದಿರಲಿಲ್ಲ. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು, ಹಳ್ಳಕ್ಕೆ ಬಿದ್ದ ಕುರಿಯ ಹಿಂದೆ ಮಂದೆಯೇ ಬಿದ್ದ ಹಾಗೆ. ಹೀಗೆ ಆಯಿತು ನಿಮ್ಮ ಆರುನೂರ ಹನ್ನೆರಡು. ಅವಳ ಆ ಎರಡು ಪುಟದ ಬರಹಕ್ಕೆ ಬಂದ ಉಲ್ಲೇಖ ಎಷ್ಟು ಗೊತ್ತೇ? ನಾಲ್ಕು.

ಕಾಯಿಲೆ ಬಿದ್ದು ಹಾಸಿಗೆ ಹಿಡಿದದ್ದು ಎಂಟು ತಿಂಗಳು. ಆ ಎಂಟು ತಿಂಗಳು ಅವಳು ಮಾಡಿದ್ದು ಒಂದೇ ಕೆಲಸ. ಆ ನೂರ ಎಪ್ಪತ್ತಮೂರು ಪೇಪರು ಬರೆದವರಿಗೆ ಒಂದೊಂದಾಗಿ ಪತ್ರ ಕಳಿಸುವುದು. ನನ್ನ ಆ ಪೇಪರ್ ತಪ್ಪು, ದಯವಿಟ್ಟು ಆ ಹನಿ ಕೊಡುವುದನ್ನು ನಿಲ್ಲಿಸಿ, ನಿಮ್ಮ ಬರಹದಲ್ಲಿ ನನ್ನ ಹೆಸರು ತೆಗೆಯಿರಿ ಎಂದು. ತೊಡೆಯ ಮೇಲೆ ಕಂಪ್ಯೂಟರ್, ತೋಳಿನಲ್ಲಿ ಸೂಜಿ. "ಸಾಕು ಮಲಕ್ಕೋ ಮಗಾ, ಅವರೇನು ನಿನ್ನ ಕೇಳಿ ಬರೆದ್ರಾ?" ಎಂದರೆ, "ನನ್ನ ಹೆಸರು ಹೇಳ್ಕೊಂಡು ಕೊಡ್ತಿದಾರಲ್ಲಪ್ಪ" ಎನ್ನುತ್ತಿದ್ದಳು. ನೂರ ಇಪ್ಪತ್ತೆಂಟನೆಯದರವರೆಗೆ ಅವಳೇ ಬರೆದಳು. ಆಮೇಲೆ ಬೆರಳು ಏಳಲಿಲ್ಲ. ಉಳಿದವನ್ನು ಅವಳು ಹೋದ ಮೇಲೆ ಆ ಶಿಷ್ಯೆ ನಮ್ಮ ಮನೆಯಲ್ಲೇ ಕೂತು ಕಳಿಸಿದಳು. ನಾನು ಪಕ್ಕದಲ್ಲಿ ಕೂತು ಪಟ್ಟಿಯಲ್ಲಿ ಒಂದೊಂದು ಹೆಸರಿಗೂ ಗೀಟು ಎಳೆದೆ. ನನಗೆ ಬರುತ್ತಿದ್ದ ಕೆಲಸ ಅದೊಂದೇ.

ಈಗ ಹೇಳಿ, ಇಷ್ಟು ಮಾಡಿ ಹೋದವಳ ಹೆಸರಿನ ಕೆಳಗೆ ನೀವು ಏನು ಕೆತ್ತಿಸಿದ್ದೀರಿ? ಫಲಕದ ಚಿತ್ರವನ್ನು ಶಿಷ್ಯೆ ಮೊಬೈಲಿನಲ್ಲಿ ತೋರಿಸಿದಳು. ಆ ಹನಿಯ ಪೇಪರಿನ ಹೆಸರು, ಅದರ ಕೆಳಗೆ ಚಿನ್ನದ ಬಣ್ಣದಲ್ಲಿ 'ಉಲ್ಲೇಖಗಳು: 612'. ಅವಳು ಸಾಯುವವರೆಗೂ ಯಾವುದನ್ನು ಅಳಿಸಲು ಒದ್ದಾಡಿದಳೋ ಅದನ್ನೇ ಕಲ್ಲಿಗೆ ಇಳಿಸಿದ್ದೀರಿ. ನಾಳೆ ಆ ಹಾದಿಯಲ್ಲಿ ಹೋಗುವ ಹುಡುಗ ಹುಡುಗಿಯರು ಅದನ್ನು ಓದಿ, ಹೌದೇನೋ ಎಂದು ತಮ್ಮ ಪೇಪರಿನಲ್ಲೂ ಬರೆಯುತ್ತಾರೆ. ಆರುನೂರ ಹದಿಮೂರು.

ಫಲಕದಲ್ಲಿ ಏನಿದೆ ಎಂದು ಅವಳ ಅಮ್ಮನಿಗೆ ಹೇಳಿರಲಿಲ್ಲ. ಆಹ್ವಾನ ಬಂದ ದಿನದಿಂದ ಅವಳು ಆ ದಪ್ಪ ಕಾಗದವನ್ನು ಕಪಾಟಿನ ಮೇಲೆ ನಿಲ್ಲಿಸಿಕೊಂಡಿದ್ದಾಳೆ. ನಾನು ಹೋಗುವುದಿಲ್ಲ ಎಂದಾಗ ಎಗರಿಬಿದ್ದಳು. "ಹೋಗಬೇಡಿ ಅಂದ ಕಡೆ ಓಡ್ತೀರಿ, ಹೋಗಿ ಅಂದ್ರೆ ಗೂಟ ಹೊಡ್ಕೊಂಡು ಕೂರ್ತೀರಿ. ನನ್ನ ಮಗಳ ಹೆಸರು ಗೋಡೆ ಮೇಲಿದೆ. ಒಂದ್ಸಲ ಕೈಯಾಡಿಸಿ ಬರ್ತೀನಿ ಅಂದ್ರೂ ಬಿಡಲ್ವಾ?" ಆಗ ವಿಧಿಯಿಲ್ಲದೆ ಚಿತ್ರ ತೋರಿಸಿ, ಏನು ಕೆತ್ತಿದ್ದಾರೆಂದು ಹೇಳಿದೆ. "ಇದು ಅವಳು ಬೇಡ ಅಂತ ಹಿಂದಕ್ಕೆ ತಗೊಂಡಿದ್ದಲ್ವಾ?" ಎಂದಳು. ಹೂಂ ಎಂದೆ. "ಹಾಗಾದ್ರೆ ಅವಳ ಹೆಸರು ಮಾತ್ರ ಬಿಟ್ಟು ಮಿಕ್ಕಿದ್ದು ಅಳಿಸಕ್ಕಾಗಲ್ವಾ? ಕೇಳಿ ನೋಡಿ. ಒಳ್ಳೆ ಮಾತಲ್ಲಿ ಕೇಳಿ, ನಿಮ್ಮ ಥರ ಅಲ್ಲ" ಎಂದಳು. ಒಳ್ಳೆ ಮಾತಿನಲ್ಲೇ ಮೂರು ಸಲ ಕೇಳಿದ್ದೆ ಎಂಬುದನ್ನು ಅವಳಿಗೆ ಹೇಳಲಿಲ್ಲ.

ಇನ್ನೊಂದು ಸಂಗತಿ ಇದೆ. ಅವಳು ಕಳಿಸಿದ ಪತ್ರಗಳಿಗೆ ಬದುಕಿದ್ದಾಗ ಬಂದ ಉತ್ತರ ಹತ್ತೊಂಬತ್ತು. ಅವಳು ತೀರಿಹೋಗಿ ನಾಲ್ಕು ತಿಂಗಳ ಮೇಲೆ ಇಪ್ಪತ್ತನೆಯದು ಬಂತು. ನನ್ನ ನಾಲಿಗೆ ಹೊರಳದ ಹೆಸರಿನ ಯಾವುದೋ ಊರಿನ ಸಣ್ಣ ಆಸ್ಪತ್ರೆಯ ಡಾಕ್ಟರು ಬರೆದಿದ್ದರು. ತಡವಾಗಿ ನೋಡಿದ್ದಕ್ಕೆ ಕ್ಷಮೆ ಕೇಳಿ, 'ನಿಮ್ಮ ಪತ್ರ ಓದಿದ ದಿನವೇ ನಮ್ಮ ವಾರ್ಡಿನಲ್ಲಿ ಆ ಹನಿ ಕೊಡುವುದನ್ನು ನಿಲ್ಲಿಸಿದೆವು. ಈಗ ಹದಿನಾರು ಕೂಸುಗಳಿವೆ. ನೀವು ಕ್ಷೇಮವೆಂದು ಭಾವಿಸುತ್ತೇನೆ' ಎಂದಿದ್ದರು. ಶಿಷ್ಯೆ ಅದನ್ನು ಓದಿ ಹೇಳಿ, ಏನು ಉತ್ತರ ಬರೆಯಲಿ ಎಂದು ಕೇಳಿದಳು. ಪಟ್ಟಿಯಲ್ಲಿ ಆ ಡಾಕ್ಟರ ಹೆಸರು ಎಲ್ಲಿದೆ ತೋರಿಸು ಎಂದೆ, ಅದಕ್ಕೆ ಇನ್ನೊಂದು ಗೀಟು ಎಳೆದೆ.

ನನ್ನ ಬೇಡಿಕೆ ಇಷ್ಟು. ಫಲಕದಿಂದ ಆ ಪೇಪರಿನ ಹೆಸರನ್ನೂ ಆ ಸಂಖ್ಯೆಯನ್ನೂ ಉಳಿಯಿಂದ ತೆಗೆಸಿ. ಆ ಜಾಗದಲ್ಲಿ ಅವಳ ಎರಡು ಪುಟದ ಬರಹದ ಹೆಸರನ್ನು, ತಪ್ಪು ಒಪ್ಪಿಕೊಂಡ ಆ ವರ್ಷವನ್ನು ಹಾಕಿಸಿ. ಉಲ್ಲೇಖ ಹಾಕಲೇಬೇಕೆಂಬ ನಿಯಮವಿದ್ದರೆ ನಾಲ್ಕು ಎಂದೇ ಹಾಕಿ, ನಮಗೆ ನಾಚಿಕೆಯಿಲ್ಲ. ನಿಮ್ಮ ವರದಿಯ ಮೊತ್ತದಿಂದ ಆರುನೂರ ಹನ್ನೆರಡನ್ನು ಕಳೆಯಿರಿ. ರ್‍ಯಾಂಕ್ ಇಳಿದರೆ ಇಳಿಯಲಿ, ಅದರಿಂದ ಯಾರ ಹೊಟ್ಟೆಯೂ ಉಬ್ಬರಿಸುವುದಿಲ್ಲ. ಇದಾವುದೂ ಆಗದಿದ್ದರೆ ಅವಳ ಹೆಸರನ್ನೇ ಕೆತ್ತಿ ತೆಗೆದುಬಿಡಿ. ಬರಿಗೋಡೆಯನ್ನು ನಾವು ತಡೆದುಕೊಳ್ಳುತ್ತೇವೆ.

ಸಮಾರಂಭಕ್ಕೆ ಇನ್ನು ಹದಿನೆಂಟು ದಿನವಿದೆ. ಅವಳ ಅಮ್ಮ ಬೆಳಿಗ್ಗೆ ಎದ್ದವಳೇ ಕೇಳುತ್ತಾಳೆ, "ಏನಂದ್ರು ಅವರು?" ಎಂದು. ನಾಲ್ಕು ದಿನದಿಂದ "ಇವತ್ತು ರಜೆಯಂತೆ" ಎನ್ನುತ್ತಿದ್ದೇನೆ. ಇಷ್ಟು ರಜೆ ಯಾವ ಕಚೇರಿಗೂ ಇರುವುದಿಲ್ಲವೆಂದು ಅವಳಿಗೂ ಗೊತ್ತು. ಆದರೂ "ಹಾಗಾದ್ರೆ ನಾಳೆ ಹೇಳ್ತಾರೆ" ಎಂದು ಒಳಗೆ ಹೋಗುತ್ತಾಳೆ.

ಇಂತಿ,
ನಿಮ್ಮ ಯಾವ ಎಣಿಕೆಗೂ ಸಿಗದ
ತಕ್ಕಡಿ ರಿಪೇರಿಯವ,
ಅವಳ ಅಪ್ಪ